ಕಂಬಳಿಕೊಪ್ಪೆ ಬ್ಯಾಂಡಿನ ಹುಡುಗಿ

"ಸ್ವಲ್ಪ ನಿಲ್ಸ್ತೀರಾ!"

ಮೂಡಿಗೆರೆಯ ಆ ಸಣ್ಣ ಸಭಾಂಗಣದಲ್ಲಿ ಹರ್ಷವರ್ಧನನ ಗಿಟಾರ್ ಗಕ್ಕನೆ ನಿಂತಿತು. ಎದ್ದು ನಿಂತವಳು ವಂದನಾ. ನಾಚಿಕೆಗೆ ಕೆನ್ನೆ ಕೆಂಪಾಗಿತ್ತು, ಆದರೂ ಕೂರಲಿಲ್ಲ.

"ಇದು ನಾಟಿ ಹಾಡು. ನಾಟಿ ಮಾಡೋರು ಹಿಂದಕ್ಕೆ ಹೆಜ್ಜೆ ಇಡ್ತಾರೆ. ನೀವು ಹಾಡೋ ಸ್ಪೀಡಿಗೆ ಎಲ್ರೂ ಗದ್ದೇಲಿ ಬೀಳ್ತಾರೆ ಅಷ್ಟೇ!"

ಸಭೆ ಗೊಳ್ಳೆಂದು ನಕ್ಕಿತು. ಹರ್ಷ ಮೈಕನ್ನು ಅವಳತ್ತ ಚಾಚಿದ.

"ಹಾಗಾದ್ರೆ ನೀವೇ ಹಾಡಿ."

ಅಜ್ಜಿ ಕಲಿಸಿದಂತೆ ನಿಧಾನವಾಗಿ ಹಾಡಿದಳು. ಮುಗಿಯುವಷ್ಟರಲ್ಲಿ ಅವನ ಮನಸ್ಸು ಅವನ ಕೈಯಲ್ಲಿರಲಿಲ್ಲ. ಅವಳದ್ದೂ ಅಷ್ಟೇ, ಒಪ್ಪಿಕೊಳ್ಳಲು ಬಿಂಕ!

ಹೀಗೆ ಹುಟ್ಟಿದ್ದು 'ಕಂಬಳಿಕೊಪ್ಪೆ' ಬ್ಯಾಂಡ್; ಹೆಸರು ಗದ್ದೆಯವರು ಮಳೆಗೆ ತಲೆ ಮೇಲಿಂದ ಹೊದೆಯುವ ಕಂಬಳಿಯದು. ಆಲ್ದೂರಿನ ಹತ್ತಿರ ಹರ್ಷನ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್ಡು ಮಳೆಗಾಲದಲ್ಲಿ ಖಾಲಿ, ಅಲ್ಲೇ ಅಭ್ಯಾಸ. ಬೇಸಿಗೆಯಲ್ಲಿ ಊರೂರು ಸುತ್ತಾಟ. ನಾಲ್ಕೇ ವರ್ಷ... ಹಾಸನ, ಮಂಗಳೂರಿನ ಹಾಸ್ಟೆಲುಗಳಲ್ಲಿ ಹುಡುಗರು ಗಿಟಾರ್ ಹಿಡಿದು ತಂತಮ್ಮ ಅಜ್ಜಿಯರ ಹಾಡು ಹುಡುಕತೊಡಗಿದರು.

ಆಮೇಲೆ ಆಲ್ಬಂ ಮಾಡುವವರು ಬಂದರು. ಹಾಡು ಇನ್ನೂ ಸ್ಪೀಡಾಗಬೇಕು ಎಂದರು. ಹರ್ಷ ಹೂಂ ಎಂದುಬಿಟ್ಟ.

"ಒಂದೇ ಒಂದು ಹಾಡು, ವಂದನಾ..."

"ಒಂದಕ್ಕೆ ಹೂಂ ಅಂದವನು ಎಲ್ಲದಕ್ಕೂ ಅಂತಾನೆ. ಇನ್ನು ನಿನ್ನ ಮುಖ ನೋಡಲ್ಲ!"

ಮೂಗಿನ ತುದಿಯ ಕೋಪ ಹತ್ತು ದಿನಕ್ಕೆ ಇಳಿಯಿತು. ಸೋತೆ ಅಂತ ಹೇಳಿಬಿಡೋಣ ಎಂದು ಆಲ್ದೂರಿನ ಬಸ್ ಹತ್ತಿದಳು. ಎಸ್ಟೇಟಿನ ಗೇಟಿಗೆ ಅಡ್ಡ ಹಗ್ಗ. ಲೆಕ್ಕಪತ್ರ ನೋಡಲು ಹೊಸದಾಗಿ ಬಂದಿದ್ದ ರೈಟರ್ ಗುರುವಯ್ಯ ಕೈ ಅಡ್ಡ ಹಿಡಿದರು.

"ಯಾರನ್ನೂ ಒಳಗೆ ಬಿಡ್ಬೇಡಿ ಅಂದಿದಾರಮ್ಮ ಸಣ್ಣ ಸಾಹುಕಾರ್ರು."

ಸಣ್ಣ ಸಾಹುಕಾರ್ರು ಅಂದ್ರೆ ಹರ್ಷ. ಯಾರನ್ನೂ ಅಂದ್ರೆ... ನನ್ನನ್ನು!

ಕಾರಣ ಅವರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಹೆಸರೂ ಹೇಳದೆ ತಿರುಗಿ ನಡೆದಳು. ಬ್ಯಾಂಡ್ ಅಲ್ಲಿಗೆ ಒಡೆಯಿತು.

ಮೂರು ವರ್ಷ ಕಳೆಯಿತು. ವಂದನಾ ಈಗ ಕಳಸದ ಶಾಲೆಯೊಂದರಲ್ಲಿ ಸಂಗೀತದ ಟೀಚರ್. ಮಾರ್ಚಿನ ಒಂದು ಮಧ್ಯಾಹ್ನ ಜೊತೆಯ ಟೀಚರ್ ಶಾಲಿನಿ ಹೇಳಿದಳು.

"ಈ ವಾರ ನಮ್ಮನೆಗೆ ಬರ್ಬೇಡ ಮಾರಾಯ್ತಿ, ಕಾಫಿ ಹೂ ಬಿಟ್ಟಿದೆ. ಹೂವಿದ್ದಷ್ಟು ದಿನ ನಮ್ಮ ಮಾವ ಯಾರನ್ನೂ ತೋಟಕ್ಕೆ ಬಿಡಲ್ಲ. ಜೇನಿಗೆ ತೊಂದ್ರೆ ಅಂತ ಗೇಟಿಗೇ ಹಗ್ಗ ಕಟ್ತಾರೆ."

"ಹಗ್ಗ... ಕಟ್ತಾರಾ?"

"ಹಳೇ ಕಾಲದೋರು ಎಷ್ಟೋ ಜನ ಕಟ್ತಾರೆ. ನಿಂಗೆ ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಬೆಳೆದದ್ದು ಕುದುರೆಮುಖದ ಗಣಿ ಕಂಪನಿಯ ಕ್ವಾರ್ಟರ್ಸಿನಲ್ಲಿ. ಕಬ್ಬಿಣದ ಊರಿನವಳಿಗೆ ಕಾಫಿಯ ಕಟ್ಟುಪಾಡು ಯಾರು ಹೇಳಿಕೊಡುತ್ತಾರೆ? ಅವತ್ತು ಆಲ್ದೂರಿನ ಬಸ್ಸಿನ ತುಂಬ ಕಾಫಿ ಹೂವಿನ ಪರಿಮಳವಿತ್ತು. ಅಯ್ಯೋ ದೇವರೇ... ಮೂರು ವರ್ಷ ನಾನೇ ಹಾಳು ಮಾಡಿದೆನಾ!

ಮರುದಿನವೇ ಆಲ್ದೂರು. ಅದೇ ಹಗ್ಗ, ಅದೇ ಗುರುವಯ್ಯ.

"ಹೂವಿದೆಯಮ್ಮ, ಯಾರನ್ನೂ..."

"ವಂದನಾ ಬಂದಿದಾಳೆ ಅಂತ ಹೇಳಿ."

ಗುರುವಯ್ಯ ಅವಳನ್ನೊಮ್ಮೆ ನೋಡಿ ಫೋನ್ ಮಾಡಿದರು. ಐದೇ ನಿಮಿಷದಲ್ಲಿ ಹರ್ಷ ಏದುಸಿರು ಬಿಡುತ್ತಾ ಓಡಿ ಬಂದು ಹಗ್ಗದ ಆಚೆ ನಿಂತ.

"ಅವತ್ತೂ ಬಂದಿದ್ದೆ ಹರ್ಷ. ಹಗ್ಗ ನೋಡಿ, ನಾನೇ ಬೇಡ ಅಂದಿದೀಯ ಅಂದ್ಕೊಂಡೆ."

ಅವನ ಮುಖ ಬಾಡಿತು.

"ನೀನು ಬರ್ಲೇ ಇಲ್ಲ ಅಂದ್ಕೊಂಡಿದ್ದೆ ನಾನು... ಆ ಆಲ್ಬಮ್ಮಿಗೆ ಸೈನ್ ಹಾಕ್ಲಿಲ್ಲ ವಂದನಾ. ನಿನ್ನ ಮುಂದೆ ಬಂದು ಹೇಳೋಕೆ ಮುಖ ಇರ್ಲಿಲ್ಲ."

"ಬ್ಯಾಂಡ್ ಮತ್ತೆ ಆಗಲ್ಲ ಅಲ್ವಾ?"

"ಆಗಲ್ಲ. ಎಲ್ರೂ ಅವರವರ ದಾರಿ ಹಿಡಿದ್ರು."

"ಆಗದಿದ್ರೆ ಬೇಡ. ನಾನು ಬ್ಯಾಂಡಿಗೋಸ್ಕರ ಬಂದಿಲ್ಲ, ನಿನಗೋಸ್ಕರ ಬಂದೆ. ನೀನಂದ್ರೆ ನಂಗೆ ಪ್ರಾಣ. ಮೊದಲೇ ಹೇಳ್ಬೇಕಿತ್ತು."

ಅವನ ಕಣ್ಣು ತುಂಬಿತು. ಹಗ್ಗದ ಗಂಟು ಬಿಚ್ಚಲು ಹೋದ ಕೈ ಹಾಗೇ ನಿಂತಿತು.

"ಒಳಗೆ ಕರೆಯೋ ಹಾಗಿಲ್ವಲ್ಲೇ... ಇನ್ನೂ ಎರಡು ದಿನ ಹೂವಿದೆ."

ವಂದನಾ ಅಳುತ್ತಲೇ ನಕ್ಕಳು.

"ಗೊತ್ತು ಮಾರಾಯ. ನೀನೇ ಹೊರಗೆ ಬಾ."

ಹರ್ಷ ತಲೆ ಬಗ್ಗಿಸಿ ಹಗ್ಗದ ಕೆಳಗೆ ನುಸುಳಿ ಬಂದ.