ಮಡಚಲೊಲ್ಲದ ಮೊಣಕೈ

"ಮುಟ್ಟಬೇಡಿ!"

ಅವಳು ಕಿರುಚಿದ ರಭಸಕ್ಕೆ ಪರದೆಯಾಚೆ ವ್ಯಾಯಾಮದ ಸೈಕಲ್ ತುಳಿಯುತ್ತಿದ್ದ ಅಜ್ಜ ಕೂಡ ಗಪ್ಪನೆ ನಿಲ್ಲಿಸಿದರು.

ಅವನು ಎರಡೂ ಕೈ ಮೇಲೆತ್ತಿ ಹಿಂದೆ ಸರಿದ. "ಇನ್ನೂ ಮುಟ್ಟೇ ಇಲ್ಲ ಮೇಡಂ!"

"ಮುಟ್ಟೋ ಹಾಗೆ ನೋಡಿದ್ರಲ್ಲ!"

ಅಂದು ಬೆಳಿಗ್ಗೆಯಷ್ಟೇ ಪ್ಲಾಸ್ಟರ್ ಬಿಚ್ಚಿದ್ದರು. ಅವಳ ಬಲ ಮೊಣಕೈ ಕೊರಡಿನ ಹಾಗೆ ಸೆಟೆದು ಕೂತಿತ್ತು. ಅದನ್ನು ಮಡಚಿ, ಬಿಡಿಸಿ ಮತ್ತೆ ದಾರಿಗೆ ತರುವುದು ಈ ಫಿಸಿಯೋಥೆರಪಿಸ್ಟನ ಕೆಲಸ. ಆದರೆ ಹುಡುಗಿ ಹತ್ತಿರ ಬಿಟ್ಟರೆ ತಾನೆ!

"ಸರಿ, ಮುಟ್ಟಲ್ಲ. ಹೇಗಾಯ್ತು ಅಂತಾದ್ರೂ ಹೇಳಿ. ಗಾಡಿಯಿಂದ ಬಿದ್ರಾ?"

ಅವಳು ಗೋಡೆ ನೋಡಿದಳು. "ರಜಾಯಿ ಕವರ್ ಒಳಗೆ ಹೋಗಿದ್ದೆ."

"ಎಲ್ಲಿಗೆ?"

"ಕವರ್ ಒಳಗೆ ರೀ! ರಜಾಯಿ ಮೂಲೆ ಸರಿಯಾಗಿ ಕೂರಿಸೋಣ ಅಂತ ಮಂಚದ ಮೇಲೆ ನಿಂತು ತಲೆ ತೂರಿಸಿದೆ. ಆಮೇಲೆ ಹೊರಗೆ ಬರೋ ದಾರಿ ಯಾವ ಕಡೆ ಅಂತ ಗೊತ್ತಾಗ್ಲಿಲ್ಲ. ಒಳಗೇ ಸುತ್ತು ಹೊಡೆದು... ದಬಕ್ ಅಂತ ಬಿದ್ದೆ."

"ನೀವೇನು ಕೆಲ್ಸ ಮಾಡ್ತೀರಿ?"

"ಟೈಲರ್. ಆ ಕವರ್ ಹೊಲಿದಿದ್ದೂ ನಾನೇ. ನಗಬೇಡಿ ಅಂದೆ!"

ಪಾಪ, ಅವನು ತುಟಿ ಕಚ್ಚಿ ಹಿಡಿದ. ಆಗಲಿಲ್ಲ. ಅವನು ನಕ್ಕದ್ದು ನೋಡಿ ಅವಳಿಗೂ ನಗು ಬಂತು. ಆ ನಗುವಿನ ನಡುವೆ ಅವನ ಕೈ ಯಾವಾಗ ತನ್ನ ಮೊಣಕೈ ಹಿಡಿಯಿತೋ ಅವಳಿಗೆ ತಿಳಿಯಲೇ ಇಲ್ಲ.

ಎಷ್ಟು ಬೆಚ್ಚಗಿತ್ತು ಆ ಕೈ!

ಬಿದ್ದ ಪೆಟ್ಟಿಗಿಂತ ಅವಳನ್ನು ಹೆಚ್ಚು ನೋಯಿಸಿದ್ದು ಅದರ ನಂತರದ ಗಳಿಗೆ. ಕವರ್ ಒಳಗೇ ನೆಲದ ಮೇಲೆ ಬಿದ್ದುಕೊಂಡು ಕೂಗಲು ಬಾಯಿ ತೆರೆದಾಗ, ಯಾರ ಹೆಸರು ಹಿಡಿದು ಕೂಗಬೇಕೆಂದೇ ಅವಳಿಗೆ ತೋಚಲಿಲ್ಲ. ಅಮ್ಮ ಇಲ್ಲ. ಅಕ್ಕ ದೂರದ ಊರಲ್ಲಿ. ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ. ಕೊನೆಗೆ ಒಬ್ಬಳೇ ತೆವಳಿಕೊಂಡು ಹೊರಗೆ ಬಂದು, ಒಬ್ಬಳೇ ಆಸ್ಪತ್ರೆಗೆ ಹೋಗಿದ್ದಳು.

ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಬಿಗಿ ಮಾಡುವುದು ಅವಳ ಕೆಲಸ. ಮಾತಿನ ಮೊನೆಗೋ, ಸಣಕಲು ಮೈಗೋ, ಅಲ್ಲಿ ಎಲ್ಲರೂ ಅವಳನ್ನು ಕರೆಯುವುದು ಸೂಜಿ ಅಂತ. ಈಗ ರಜೆ. ಸೂಜಿ ಎಂದು ರೇಗಿಸುವವರೂ ಇಲ್ಲ. ದಿನವೆಲ್ಲಾ ಕಿಟಕಿ ಬಳಿ ಕೂತು ಎದುರು ಮನೆಯ ಬಟ್ಟೆ ಒಣಗುವುದನ್ನು ನೋಡುವುದು, ಎಡಗೈಯಲ್ಲಿ ಬ್ರೆಡ್ ತಿನ್ನುವುದು. ಅಕ್ಕ ಫೋನ್ ಮಾಡಿದರೂ, "ಹುಷಾರು ಕಣೇ... ಅಯ್ಯೋ ಮಗು ಎದ್ದಿತು, ಆಮೇಲೆ ಮಾಡ್ತೀನಿ!" ಅಷ್ಟೇ.

ಸಂಜೆ ಮಾತ್ರ ಆ ಕ್ಲಿನಿಕ್. ಆ ಕೈ. "ಇವತ್ತು ಊಟ ಏನು ಮಾಡಿದ್ರಿ? ಬರೀ ಬ್ರೆಡ್ಡಾ? ಹೀಗಾದ್ರೆ ಮೂಳೆ ಗಟ್ಟಿಯಾಗೋದು ಹೇಗೆ?" ಎನ್ನುವ ಬೈಗುಳ. ಬೈಸಿಕೊಳ್ಳುವುದೂ ಇಷ್ಟು ಹಿತವಾಗಿರುತ್ತದೆಯೇ!

ಒಂದು ಬೆಳಿಗ್ಗೆ ತಲೆ ಬಾಚುತ್ತಾ ಕನ್ನಡಿ ನೋಡಿದವಳು ಹಾಗೇ ನಿಂತುಬಿಟ್ಟಳು. ಬಾಚಣಿಗೆ ಬಲಗೈಯಲ್ಲಿತ್ತು! ಮೊಣಕೈ ಸಲೀಸಾಗಿ ಮಡಚಿತ್ತು.

ಖುಷಿಗೆ ಒಮ್ಮೆ ಕುಣಿದಳು. ಮರುಕ್ಷಣವೇ ಬಾಚಣಿಗೆ ಕೆಳಗಿಟ್ಟಳು.

'ಕೈ ಸರಿಹೋಯ್ತು ಅಂದ್ರೆ... ಇನ್ನು ಬರಬೇಡಿ ಅಂತಾರೆ. ನಾನು ಮತ್ತೆ ಆ ಕಿಟಕಿ ಮುಂದೆ...'

ಅಂದು ಸಂಜೆ ಅವನು ಕೈಯನ್ನು ಅರ್ಧ ಮಡಚುವಷ್ಟರಲ್ಲಿ ಅವಳು ಕಣ್ಣು ಮುಚ್ಚಿ, "ಆಹ್!" ಎಂದಳು. ಅವನು ತಕ್ಷಣ ಬಿಟ್ಟ. ಮರುದಿನವೂ "ಆಹ್!" ಅದರ ಮರುದಿನವೂ ಅದೇ ರಾಗ. ಅಂಗಡಿಯಿಂದ ಫೋನ್ ಬಂದರೆ, "ಇನ್ನೂ ಆಗ್ತಿಲ್ಲ ಸಾರ್" ಎಂದಳು. ಕಳ್ಳಿ!

ಆದರೆ ದಿನ ಕಳೆದಂತೆ ಅವನ ತಮಾಷೆ ಕಡಿಮೆಯಾಯಿತು. "ಇಷ್ಟೊತ್ತಿಗೆ ಆಗಬೇಕಿತ್ತು... ಎಲ್ಲಿ ತಪ್ಪಿದೆ ನಾನು?" ಎಂದು ತನ್ನಲ್ಲೇ ಗೊಣಗುತ್ತಿದ್ದ. ಅವಳಿಗೆ ಹೇಳಿಬಿಡೋಣ ಅನಿಸುತ್ತಿತ್ತು. ಕಿಟಕಿ ನೆನಪಾಗಿ ಮತ್ತೆ "ಆಹ್!" ಎನ್ನುತ್ತಿದ್ದಳು.

ಒಂದು ಸಂಜೆ ಅವನ ಜಾಗದಲ್ಲಿ ಕ್ಲಿನಿಕ್ಕಿನ ದೊಡ್ಡ ಮೇಡಂ ತೋಳು ಮಡಚಿಕೊಂಡು ನಿಂತಿದ್ದರು.

"ಅವರು... ಬರಲಿಲ್ವಾ?"

"ಇನ್ಮೇಲೆ ನಿನ್ನ ಕೈ ನನ್ನ ಜವಾಬ್ದಾರಿ. ಕೂತ್ಕೋ."

'ನನ್ನಿಂದ ಬೇಸತ್ತು ಹೋದರು...' ಆ ದುಃಖದಲ್ಲಿ "ಆಹ್" ಎನ್ನುವುದೇ ಮರೆತುಹೋಯಿತು. ಮೇಡಂ ಹಿಡಿದು ಮಡಚಿದ್ದೇ ತಡ, ಅವಳ ಬೆರಳು ಸಲೀಸಾಗಿ ಹೋಗಿ ತನ್ನ ಹೆಗಲನ್ನೇ ಮುಟ್ಟಿತು!

ಮೇಡಂ ಕನ್ನಡಕ ಸರಿಮಾಡಿಕೊಂಡರು. "ಏನಮ್ಮಾ ಇದು? ಇದು ಯಾವಾಗಲೋ ಸರಿಹೋಗಿದೆ! ಆ ಹುಡುಗ ನೋಡಿದ್ರೆ, 'ಅವರ ನೋವು ನೋಡೋಕಾಗ್ದೆ ಗಟ್ಟಿಯಾಗಿ ಮಡಚಲೇ ಇಲ್ಲ, ನಾನೇ ಆ ಕೈ ಹಾಳು ಮಾಡ್ದೆ, ಈ ಕೆಲಸ ನನಗಲ್ಲ' ಅಂತ ಸಾಮಾನು ಕಟ್ಟಿಕೊಳ್ತಿದ್ದಾನೆ!"

ಅವಳು ಎದ್ದು ನಿಂತಳು. "ಎಲ್ಲಿ... ಎಲ್ಲಿದ್ದಾರೆ?"

ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಅವನು ತನ್ನ ಬಿಳಿ ಕೋಟನ್ನು ಚೀಲಕ್ಕೆ ತುರುಕುತ್ತಿದ್ದ.

"ನಿಲ್ಲಿ! ತಪ್ಪು ನಿಮ್ಮದಲ್ಲ... ಸುಳ್ಳು ಹೇಳಿದ್ದು ನಾನು!" ಬಲಗೈ ಮೇಲೆತ್ತಿ, ಮಡಚಿ, ಬಿಡಿಸಿ ತೋರಿಸಿದಳು. ಕಣ್ಣಲ್ಲಿ ನೀರು ಧಾರಾಕಾರ. "ನೋಡಿ! ನೀವು ಎಂದೋ ಸರಿ ಮಾಡಿದ್ರಿ!"

ಅವನು ನಂಬಲಾರದೆ ನೋಡಿದ. ಆಮೇಲೆ ಮುಖ ಕೆಂಪಾಯಿತು. "ಯಾಕ್ರೀ? ದಿನಾ ನೀವು ಕಣ್ಣು ಮುಚ್ಚಿದಾಗೆಲ್ಲ ನನಗೆ ಹೇಗಾಗ್ತಿತ್ತು ಗೊತ್ತಾ? ನನ್ನ ಕೈ ಮೇಲೇ ನನಗೆ ನಂಬಿಕೆ ಹೋಯ್ತು!"

"ಗೊತ್ತು... ಬೈಯಿರಿ. ಎಷ್ಟು ಬೇಕಾದ್ರೂ ಬೈಯಿರಿ." ಅವಳು ತಲೆ ತಗ್ಗಿಸಿದಳು. "ಕೈ ಸರಿಹೋದ್ರೆ ನೀವು ಬಿಟ್ಟುಬಿಡ್ತೀರಿ ಅಂತ ಭಯ ಆಯ್ತು. ನನಗೆ ಮಾತಾಡೋಕೆ ಬೇರೆ ಯಾರೂ ಇಲ್ಲ... ಅಲ್ಲ, ಅದಷ್ಟೇ ಅಲ್ಲ. ಬೇರೆಯವರಿದ್ರೂ ನನಗೆ ನೀವೇ ಬೇಕಿತ್ತು. ನಾನು ನೋವಿಗೆ ಕಣ್ಣು ಮುಚ್ತಿರಲಿಲ್ಲ ರೀ..."

ಅವನ ಸಿಟ್ಟು ಎಲ್ಲಿ ಹೋಯಿತೋ!

"ಇಷ್ಟು ವರ್ಷದಲ್ಲಿ ಯಾವ ಪೇಷೆಂಟ್ ಅತ್ತರೂ ನನ್ನ ಕೈ ನಡುಗಿರಲಿಲ್ಲ," ಎಂದ ಮೆಲ್ಲಗೆ. "ನಿಮ್ಮ ಹತ್ರ ಮಾತ್ರ ನಡುಗಿತು. ಯಾಕೆ ಅಂತ ನನಗೂ ಗೊತ್ತಿತ್ತು... ಹೇಳೋ ಹಾಗಿರಲಿಲ್ಲ."

ಅವಳು ಮೂಗು ಒರೆಸಿಕೊಂಡಳು. "ಮತ್ತೆ ಈಗ? ಕೆಲಸ ಬಿಡ್ತೀರಾ?"

"ಇಲ್ಲ. ನಾಳೆಯಿಂದ ನೀವೂ ಕೆಲಸಕ್ಕೆ ಹೋಗ್ಬೇಕು. ಇಲ್ಲಿಗೆ ಬರೋ ಹಾಗಿಲ್ಲ."

ಅವಳು ಬಾಗಿಲ ಕಡೆ ತಿರುಗಿದಳು. "ಸರಿ..."

"ಸಂಜೆ ನಾನೇ ಅಂಗಡಿ ಹತ್ರ ಬರ್ತೀನಿ. ಆಮೇಲೆ... ಈ ಕೈ ಸರಿ ಇದ್ರೂ ಹಿಡ್ಕೊಂಡು ನಡೀಬಹುದಾ?"

"ನಾಳೆ ತನಕ ಯಾಕೆ ಕಾಯ್ತೀರಿ?" ಅವಳು ಅಳುತ್ತಲೇ ನಕ್ಕು ಕೈ ಚಾಚಿದಳು. "ಈಗ್ಲೇ ಹಿಡೀರಿ."