ಟೀಟಾಗಳ ಕೌಂಟರ್

ಸುಟ್ಟ ಇಡೀ ಹಂದಿಯನ್ನು ಬಾಳೆ ಎಲೆಯಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತುಕೊಂಡು ಟೋಬಿಯಾಸ್ ನಮ್ಮ ಮನೆಯ ಮೆಟ್ಟಿಲ ಬುಡದಲ್ಲಿ ಬಂದು ನಿಂತಾಗ ನಾನು ಕಿಟಕಿ ಪರದೆಯ ಹಿಂದಿದ್ದೆ. ಅವನ ಬಿಳಿ ಅಂಗಿಯ ತುಂಬ ಜಿಡ್ಡು, ಮುಖ ಬಿಸಿಲಿಗೆ ಕೆಂಪು. ನೋಡಿ ನನ್ನ ಹೊಟ್ಟೆ ಸ್ವಲ್ಪ ತಣ್ಣಗಾಯಿತು.

ನಮ್ಮ ದ್ವೀಪದಲ್ಲಿ ಹೆಣ್ಣು ಕೇಳಲು ಬರುವ ಗಂಡಿನ ಕಡೆಯವರು ಊಟ ಹೊತ್ತು ತರಬೇಕು. ಜೊತೆಗೆ ಅಪ್ಪ, ಅಮ್ಮ, ಮಾತು ಬಲ್ಲ ಹಿರಿಯರೊಬ್ಬರು ಇರಬೇಕು. ಡೆನ್ಮಾರ್ಕಿನಿಂದ ಹಡಗಿನ ಎಂಜಿನ್ ರಿಪೇರಿಗೆ ಬಂದವನಿಗೆ ಇಲ್ಲಿ ಯಾರಿದ್ದಾರೆ? ಒಬ್ಬನೇ ಬಂದಿದ್ದ.

"ದಿವೀನಾ ಇದ್ದಾಳಾ?" ನಮ್ಮ ಭಾಷೆಯಲ್ಲೇ ತಡವರಿಸುತ್ತ ಕೇಳಿದ.

"ಇದ್ದಾಳೆ," ಅಂದರು ಅಮ್ಮನ ಅಕ್ಕ ಚೋಲಿಂಗ್ ಟೀಟಾ. "ಮೊದಲು ಲೈನ್‌ನಲ್ಲಿ ನಿಂತ್ಕೋ."

"ಬೇರೆ ಯಾರೂ ಇಲ್ವಲ್ಲ, ಟೀಟಾ?"

"ಲೈನ್ ಅಂದ್ರೆ ಲೈನ್."

ಹಂದಿ ಹೊತ್ತುಕೊಂಡೇ ನಿಂತ. ಜಗಲಿಯಲ್ಲಿ ಮೇಜು ಹಾಕಿ ನನ್ನ ದೊಡ್ಡಮ್ಮ, ಚಿಕ್ಕಮ್ಮ, ಟೀಟಾಗಳಿಬ್ಬರೂ ಅದರ ಹಿಂದೆ ಕೂತಿದ್ದರು. ಅಮ್ಮನ ತಂಗಿ ಪುರಿಂಗ್ ಟೀಟಾ ಇದಕ್ಕೆಂದೇ ಕನ್ನಡಕ ಹಾಕಿಕೊಂಡಿದ್ದರು. ಅವರಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತೆ. ನಮ್ಮ ದ್ವೀಪದ ಹೆಂಗಸರು ಮಾಟ ಮಾಡುತ್ತಾರೆ ಅಂತ ಹೊರಗಿನವರು ಹೆದರುತ್ತಾರೆ. ಟೀಟಾಗಳಿರುವ ಮನೆಗೆ ಮಾಟ ಯಾಕೆ ಬೇಕು?

ಇದೆಲ್ಲ ನಾನೇ ಹೂಡಿದ್ದು. ಇವತ್ತು ಬರುತ್ತೇನೆ ಅಂತ ಅವನು ಅಮ್ಮನಿಗೆ ಫೋನ್ ಮಾಡಿ ಹೇಳಿದ್ದ. ಅವನ ರಜೆ ಮುಗಿದಿತ್ತು. ಬೆಳಿಗ್ಗೆ ಆಚೆ ದಡದಿಂದ ಅವನ ವಿಮಾನ. ಸಂಜೆಯ ಕೊನೆ ದೋಣಿ ತಪ್ಪಿದರೆ ವಿಮಾನವೂ ತಪ್ಪುತ್ತೆ, ಮುಂದಿನ ಹಡಗಿನ ಕೆಲಸವೂ ಕೈತಪ್ಪುತ್ತೆ. ದೋಣಿ ಕೂಗುವವರೆಗೆ ಅವನನ್ನು ಪ್ರಶ್ನೆ ಕೇಳುತ್ತಲೇ ಇರಬೇಕು ಅಂತ ಟೀಟಾಗಳಿಗೆ ಹೇಳಿದ್ದೆ. ಅವನು ಗಡಿಯಾರ ನೋಡಬೇಕು, ಎದ್ದು ಓಡಬೇಕು, ನಾನು ಪರದೆ ಸರಿಸಿ ನಗಬೇಕು. ಇಷ್ಟೇ ನನ್ನ ಆಸೆ.

ಯಾಕೆ ಅಂದರೆ ಅವನು ಒಮ್ಮೆ ಹಾಗೆಯೇ ಓಡಿದ್ದ.

ಅವನ ಅಮ್ಮನನ್ನು ನೋಡಲು ಇಬ್ಬರೂ ಹೊರಟಿದ್ದೆವು. ವಿದೇಶಿಯನ್ನು ಮದುವೆಯಾಗಿ ಹೋಗುವ ನಮ್ಮ ಹೆಣ್ಣುಮಕ್ಕಳು ಮೊದಲು ಸರ್ಕಾರದ ಸಲಹೆಗಾರರ ಮುಂದೆ ಕೂತು ಸರ್ಟಿಫಿಕೇಟ್ ತರಬೇಕು. "ಬರೀ ಪ್ರವಾಸ ಅಲ್ವಾ, ಅದೆಲ್ಲ ಯಾಕೆ?" ಅಂದಿದ್ದ ಟೋಬಿ. ನಂಬಿದೆ. ಆದರೆ ಅವನು ತೊಡಿಸಿದ ಉಂಗುರ ಬೆರಳಲ್ಲೇ ಇತ್ತು. ಏರ್‌ಪೋರ್ಟಿನಲ್ಲಿ ಪಾಸ್‌ಪೋರ್ಟ್ ನೋಡುವ ಕೌಂಟರಿನ ಹುಡುಗಿ ಅದನ್ನು ನೋಡಿದಳು.

ಅವನ ಪಾಸ್‌ಪೋರ್ಟಿಗೆ ಠಪ್ ಅಂತ ಮುದ್ರೆ ಬಿತ್ತು, ಅವನು ಗೆರೆ ದಾಟಿದ. ನನ್ನನ್ನು ಪಕ್ಕಕ್ಕೆ ಕೂರಿಸಿದರು. ಎಲ್ಲಿ ಪರಿಚಯ ಆಯ್ತು? ಟಿಕೆಟ್ ಕೊಡಿಸಿದ್ದು ಯಾರು? ಅವನ ತಾಯಿ ಹೆಸರೇನು? ನನ್ನ ಪ್ರೀತಿಯನ್ನೆಲ್ಲ ಫೋನ್ ತೆರೆದು ತೋರಿಸಬೇಕಾಯಿತು. ಕೊನೆಗೆ "ಆಫ್‌ಲೋಡ್" ಅಂದರು, ಅಂದರೆ ವಿಮಾನ ಹತ್ತುವಂತಿಲ್ಲ, ಮನೆಗೆ ವಾಪಸ್. ನಾನು ಆ ಹುಡುಗಿಯನ್ನು ಬೈಯುವುದಿಲ್ಲ. ಹೀಗೆ ಯಾರದೋ ಕೈ ಹಿಡಿದು ಹೋಗಿ ಯಾವುದೋ ದೇಶದ ಬೀಗ ಹಾಕಿದ ಕೋಣೆಯಲ್ಲಿ ಕೊಳೆತ ಹೆಣ್ಣುಮಕ್ಕಳು ನಮ್ಮ ಬೀದಿಯಲ್ಲೂ ಇದ್ದಾರೆ.

ನನ್ನ ಸಿಟ್ಟೆಲ್ಲ ಗಾಜಿನಾಚೆ ನಿಂತವನ ಮೇಲೆ. ನನ್ನನ್ನು ನೋಡಿದ. ಗಡಿಯಾರ ನೋಡಿದ. ಹೆಬ್ಬೆರಳು ಎತ್ತಿ ತೋರಿಸಿ, ಹೋಗಿಬಿಟ್ಟ.

ನನ್ನನ್ನು ಕಳಿಸಿಕೊಡಲು ಅಮ್ಮ ಸಾಕಿದ ಹಂದಿ ಕೊಯ್ದು ಬೀದಿಗೆಲ್ಲ ಊಟ ಹಾಕಿದ್ದಳು. ನಾನು ಮರಳಿ ಬಂದಾಗ ಉಳಿದ ಮಾಂಸ ವಿನೆಗರಿನಲ್ಲಿ ಇನ್ನೂ ಕುದಿಯುತ್ತಿತ್ತು. ನನ್ನ ಬೀಳ್ಕೊಡುಗೆಯ ಊಟವನ್ನು ನಾನೇ ಕೂತು ತಿಂದೆ. ಪಕ್ಕದ ಮನೆಯವರು ಇಣುಕಿ, "ಡೆನ್ಮಾರ್ಕ್ ಇಷ್ಟು ಹತ್ತಿರಾನಾ?" ಅಂತ ಕೇಳಿದರು. ಅವತ್ತೇ ಅವನ ನಂಬರ್ ಬ್ಲಾಕ್ ಮಾಡಿದೆ.

"ಕಾನೂನು ಹುಡುಗೀನ ಮಾತ್ರ ಕೇಳುತ್ತೆ," ಅಂದಿದ್ದರು ಆಗ ಚೋಲಿಂಗ್ ಟೀಟಾ. "ಇವನನ್ನ ಕೇಳೋರು ಯಾರು? ಬರಲಿ, ನಾವು ಕೇಳ್ತೀವಿ."

ಈಗ ಕೇಳುತ್ತಿದ್ದರು.

"ಪ್ರವಾಸದ ಉದ್ದೇಶ?"

"ದಿವೀನಾನ ಮದುವೆ ಮಾಡ್ಕೊಡಿ ಅಂತ ಕೇಳೋಕೆ."

"ಅವಳ ಅಮ್ಮನ ಹೆಸರು?"

"ಫ್ಲೋರ್ದೆಲೀಸಾ."

"ದಿವೀನಾಗೆ ಸಿಟ್ಟು ಬಂದ್ರೆ ಏನ್ ಮಾಡ್ತಾಳೆ?"

ಅವನು ಯೋಚಿಸಿದ. "ಅನ್ನ ಬಡಿಸ್ತಾಳೆ. ಮಾತಾಡಲ್ಲ. ಮತ್ತೆ ಮತ್ತೆ ಬಡಿಸ್ತಾಳೆ."

ಪುರಿಂಗ್ ಟೀಟಾ ಫಕ್ಕನೆ ನಕ್ಕರು. ಅಕ್ಕ ಗುರಾಯಿಸಿದ್ದಕ್ಕೆ ಕನ್ನಡಕ ಸರಿಮಾಡಿಕೊಂಡು ಗಂಭೀರವಾದರು. ಪರದೆಯ ಹಿಂದೆ ನನಗೂ ನಗು ಬಂತು. ನನ್ನ ಮೇಲೆ ನನಗೇ ಕೋಪ ಬಂತು. ಹಾಳಾದವನು, ಎಲ್ಲ ನೆನಪಿಟ್ಟುಕೊಂಡಿದ್ದಾನೆ.

ಹೊತ್ತು ಇಳಿಯಿತು. ಹಂದಿಯನ್ನು ಕೆಳಗಿಡು ಅಂತ ಅಮ್ಮ ಕರುಣೆ ತೋರಿದಳು. ಅವನ ಅಜ್ಜನ ಕಸುಬು, ಅವನಿಗೆ ಬಂದ ಕಾಯಿಲೆಗಳು, ಹಳೆಯ ಗೆಳತಿಯರು, ಎಲ್ಲ ಕೇಳಿದ್ದಾಯಿತು. ಆಗ ಬಂದರಿನಿಂದ ದೋಣಿಯ ಕೂಗು ಕೇಳಿಸಿತು.

ನಾನು ಪರದೆ ಹಿಡಿದುಕೊಂಡೆ. ನೋಡು, ಈಗ ನೋಡು ಗಡಿಯಾರ.

ಟೋಬಿಯಾಸ್ ತಲೆ ಎತ್ತಿದ. ಅವನಿಗೂ ಕೇಳಿಸಿತ್ತು.

"ನಿನ್ನ ದೋಣಿ," ಅಂದರು ಚೋಲಿಂಗ್ ಟೀಟಾ. "ಓಡಿದ್ರೆ ಸಿಗುತ್ತೆ. ಇನ್ನೊಂದು ಪ್ರಶ್ನೆ ಬಾಕಿ ಇದೆ. ಪರವಾಗಿಲ್ಲ, ಹೋಗು."

"ಕೇಳಿ, ಟೀಟಾ."

"ಅವಳನ್ನ ಅಲ್ಲಿ ಕೂರಿಸಿದಾಗ ನೀನು ಎಲ್ಲಿದ್ದೆ?"

ಅವನು ಕಿಟಕಿಯ ಕಡೆ ತಿರುಗಿದ. ನಾನಲ್ಲಿರುವುದು ಅವನಿಗೆ ಮೊದಲಿಂದಲೂ ಗೊತ್ತಿತ್ತು ಅಂತ ಕಾಣುತ್ತೆ.

"ಎದುರಿಗೇ ಇದ್ದೆ," ಅಂದ. "ಅವಳ ಮುಖ ನೋಡಿದೆ. ಹೆದರಿದ್ದಳು. ಆದ್ರೂ ಹೋದೆ. ಮುಂದಿನ ವಿಮಾನಕ್ಕೆ ಬರ್ತಾಳೆ ಅಂತ ನನಗೆ ನಾನೇ ಹೇಳ್ಕೊಂಡೆ. ಸುಳ್ಳು. ಅವರೆಲ್ಲ ಅವಳನ್ನ ನೋಡ್ತಿದ್ದ ರೀತೀಲಿ ನನ್ನನ್ನೂ ನೋಡ್ತಾರೆ ಅಂತ ನಾಚಿಕೆ ಆಯ್ತು. ಅದಕ್ಕೇ ಹೋದೆ."

ದೋಣಿ ಮತ್ತೊಮ್ಮೆ ಕೂಗಿತು. ಅವನು ಕದಲಲಿಲ್ಲ. ಆಮೇಲೆ ಎಂಜಿನ್ ಸದ್ದು ದೂರ ಆಗುತ್ತ ಹೋಯಿತು. ಎಂಜಿನ್ ರಿಪೇರಿಯವನು ಅದನ್ನೇ ಕೇಳಿಸಿಕೊಳ್ಳುತ್ತ ಕೈಕಟ್ಟಿ ನಿಂತಿದ್ದ. ಆಗ ನೋಡಿದೆ, ಅವನ ಮಣಿಕಟ್ಟಿನಲ್ಲಿ ಗಡಿಯಾರ ಇರಲಿಲ್ಲ. ಅದಿದ್ದ ಜಾಗದ ಚರ್ಮ ಮಾತ್ರ ಬೆಳ್ಳಗಿತ್ತು.

ನಾನು ಜಗಲಿಗೆ ಬಂದೆ. ನಗಬೇಕು ಅಂತಿದ್ದೆ, ನಗಲಿಲ್ಲ.

"ದೋಣಿ ಹೋಯ್ತು," ಅಂದೆ.

"ಕೇಳಿಸ್ತು."

"ಕೆಲಸವೂ ಹೋಯ್ತು."

"ಗೊತ್ತು."

"ಹಿಂದೆ ಉಳಿಯೋದು ಹೇಗಿರುತ್ತೆ?"

"ಕೆಟ್ಟದಾಗಿರುತ್ತೆ, ದಿವೀನಾ."

"ನನ್ನ ಜೊತೆ ಅವತ್ತು ಯಾರೂ ನಿಂತಿರಲಿಲ್ಲ. ನಿನಗೆ ನಾನಾದ್ರೂ ಎದುರಿಗಿದೀನಿ. ನಿನಗೆ ಸಿಕ್ಕಿರೋ ಶಿಕ್ಷೆ ಕಡಿಮೆಯೇ."

ಅವನು ತಲೆ ಆಡಿಸಿದ. ನಾನು ಅವನ ಕಣ್ಣಲ್ಲೇ ಕಣ್ಣಿಟ್ಟು ಹೇಳಿದೆ: "ಸರ್ಟಿಫಿಕೇಟ್ ತರ್ತೀನಿ. ನಾನು ಒಳಗೆ ಸಲಹೆ ಕೇಳೋವಾಗ ನೀನು ಹೊರಗೆ ಬೆಂಚಿನ ಮೇಲೆ ಕೂತಿರಬೇಕು. ಏರ್‌ಪೋರ್ಟ್‌ನಲ್ಲಿ ಮೊದಲು ನಾನು ಗೆರೆ ದಾಟ್ತೀನಿ. ನೀನು ನನ್ನ ಹಿಂದೆ."

"ಮತ್ತೆ ತಡೆದ್ರೆ?"

"ನೀನೇ ಹೇಳು."

"ಇಬ್ಬರೂ ವಾಪಸ್ ಬರೋಣ. ಉಳಿದಿದ್ದು ತಿನ್ನೋಣ."

ನನಗೆ ಅಳು ಬಂತು. ಪ್ರೀತಿ ಸತ್ತಿದೆ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಅದು ಪರದೆಯ ಹಿಂದೆ ನಿಂತು ಕಾಯುತ್ತಿತ್ತು ಅಷ್ಟೇ. ಅವನ ಜಿಡ್ಡು ಕೈಯನ್ನು ಹಿಡಿದುಕೊಂಡೆ, ಬೆಳ್ಳಗಿದ್ದ ಆ ಜಾಗದಲ್ಲೇ.

"ಪಾಸ್ ಮಾಡೋದಾ?" ಪುರಿಂಗ್ ಟೀಟಾ ಅಕ್ಕನನ್ನು ಕೇಳಿದರು.

"ಇವತ್ತಿಗೆ ಆಫ್‌ಲೋಡ್," ಅಂದರು ಚೋಲಿಂಗ್ ಟೀಟಾ. "ನಾಳೆ ಬೆಳಿಗ್ಗೆ ಮತ್ತೆ ಲೈನ್‌ಗೆ ಬರಲಿ."

"ಹಾಗಾದ್ರೆ ರಾತ್ರಿ ಎಲ್ಲಿ ಮಲಗ್ತಾನೆ?"

ಅಮ್ಮ ಹಂದಿಯ ಕಿವಿ ಕೊಯ್ದು ತಟ್ಟೆಗೆ ಹಾಕುತ್ತ, ತಲೆ ಎತ್ತದೆ ಹೇಳಿದಳು: "ದಿವೀನಾನ ಕಳಿಸಿಕೊಟ್ಟ ದಿನದಿಂದ ನಮ್ಮ ಹಂದಿಗೂಡು ಖಾಲಿ ಇದೆ."

ಆಮೇಲೆ ಅವನ ತಟ್ಟೆಗೆ ಅನ್ನ ಬಡಿಸಿದಳು. ನಾನು ಮಾತಾಡದೆ ಅದರ ಮೇಲೆ ಇನ್ನೊಂದು ಸೌಟು ಹಾಕಿದೆ. ಅವನು ನನ್ನ ಮುಖ ನೋಡಿದ, ಅರ್ಥ ಮಾಡಿಕೊಂಡ, ಬಾಯಿ ಮುಚ್ಚಿಕೊಂಡು ತಿಂದ. ಮತ್ತೆ ಬಡಿಸಿದೆ.