ಒಳಮನೆಯ ಹಸಿರು ದೀಪ

ಕುಮುದಳಿಗೆ ಐದು ತಿಂಗಳಿಂದ ಮುಟ್ಟಾಗಿರಲಿಲ್ಲ. ಮಡಿಯಡಿಗೆ ನಡೆಯುವ ಒಳಮನೆಗೆ ಬೇಕಾಗಿದ್ದವಳು ಅಂಥವಳೇ.

ಅವಳು ಒದ್ದೆ ಸೀರೆಯಲ್ಲಿ ಬಂದು ಬಾಗಿಲ ಪಕ್ಕದ ಗಾಜಿನ ಕಣ್ಣಿಗೆ ಎಡತೋಳು ತೋರಿಸಿದಳು. ತೋಳಿಗೆ ಕಟ್ಟಿದ ಪಟ್ಟಿಯಲ್ಲಿ ಸಾಸಿವೆ ಕಾಳಿನಷ್ಟು ಹಸಿರು ದೀಪ ಉರಿಯುತ್ತಿತ್ತು. ಬಾಗಿಲು ಸರಿಯಿತು. ಅವಳ ಹಿಂದೆ ಎಲ್ಲರಿಗಿಂತ ಹಿರಿಯ ಅಡಿಗೆಯವರಾದ ಸಾವಿತ್ರಮ್ಮ, ಅವರ ಹಿಂದೆ ಉಳಿದ ಹೆಂಗಸರು, ಒಬ್ಬೊಬ್ಬರಾಗಿ ತೋಳು ತೋರಿಸಿ ಒಳಗೆ ಬಂದರು. ಕೊನೆಯವಳು ಬಂದ ಮೇಲೆ ಬಾಗಿಲು ಮುಚ್ಚಿ ಬೀಗ ಬಿತ್ತು. ಇನ್ನು ನೈವೇದ್ಯ ಆಗುವವರೆಗೆ ಹೊರಗೆ ಹೋಗುವಂತಿಲ್ಲ. ಯಾರದಾದರೂ ದೀಪ ಕೆಂಪಾದರೆ ಮಾತ್ರ ಗಂಟೆ ಬಾರಿಸಿ ಬಾಗಿಲು ತಾನೇ ತೆರೆದು ಅವಳನ್ನು ಹೊರಹಾಕುತ್ತದೆ.

ಮೈಸೂರಿನ ಹೊರವಲಯದ ಆ ಕಲ್ಯಾಣಮಂಟಪದಲ್ಲಿ ಅಂದು ದೊಡ್ಡ ಮದುವೆ. ಎಲ್ಲ ಊರಿನಲ್ಲೂ ಯಂತ್ರಗಳೇ ಅಡಿಗೆ ಮಾಡತೊಡಗಿದ ಮೇಲೆ ಕೈಯಡಿಗೆಗೆ ಬೆಲೆ ಬಂದಿತ್ತು. ಮಡಿಯಲ್ಲಿ ಮಾಡಿದ ಕೈಯಡಿಗೆಗಂತೂ ಹೇಳುವುದೇ ಬೇಡ. ಅಡಿಗೆ ಕಂಟ್ರಾಕ್ಟರ್ ವಾಸುದೇವಯ್ಯನವರು ಗಿರಾಕಿಗಳಿಗೆ ಬಾಗಿಲನ್ನು ತೋರಿಸಿ, "ನನ್ನ ಮಾತು ನಂಬಬೇಡಿ, ದೀಪ ನಂಬಿ" ಎನ್ನುತ್ತಿದ್ದರು. ಗಿರಾಕಿಗಳು ನಂಬುತ್ತಿದ್ದರು.

ಬಾಗಿಲು ವಾಸುದೇವಯ್ಯನವರದು. ಪಟ್ಟಿ ಮಾತ್ರ ಅವರದಲ್ಲ. ಅದರ ಹೆಸರು ಸ್ವೇದವಾಚಕ. ಬೆವರಿನಲ್ಲಿ ಹಾದುಬರುವ ಹಾರ್ಮೋನುಗಳನ್ನು ಅಳೆಯುವ ಈ ಪಟ್ಟಿಯನ್ನು ಡಾಕ್ಟರ್ ನಳಿನಾಕ್ಷಿ ಕಂಡುಹಿಡಿದದ್ದು ಒಂದು ಕಾಯಿಲೆಯ ಪತ್ತೆಗಾಗಿ. ಕಾಯಿಲೆಗೆ ಅವರು ಇಟ್ಟ ಹೆಸರು ಸ್ತಬ್ಧಾಂಡ ದೋಷ. ಜನ ಹಿಂದಿನಂತೆ ಪಿಸಿಓಡಿ ಎಂದೇ ಕರೆಯುತ್ತಿದ್ದರು. ಆರೋಗ್ಯವಂತ ಹೆಣ್ಣಿನಲ್ಲಿ ಅಂಡ ಬಲಿತು ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಏರುತ್ತದೆ, ಎರಡು ವಾರದೊಳಗೆ ಇಳಿಯುತ್ತದೆ, ಇಳಿದ ಮೇಲೆ ಮುಟ್ಟಾಗುತ್ತದೆ. ಪಟ್ಟಿ ಆ ಇಳಿತವನ್ನು ಹಿಡಿದು ಕೆಂಪಾಗುತ್ತದೆ. ಈ ದೋಷವಿದ್ದವರಲ್ಲಿ ಅಂಡ ಬಲಿಯದೆ ಉಳಿದುಬಿಡುತ್ತದೆ. ಏರಿಕೆಯೂ ಇಲ್ಲ, ಇಳಿತವೂ ಇಲ್ಲ. ದೀಪ ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ, ಆಸ್ಪತ್ರೆಗೆ ಸುದ್ದಿ ಹೋಗುತ್ತದೆ. ಬಡ ಹೆಂಗಸರಿಗೆಲ್ಲ ಪಟ್ಟಿಯನ್ನು ಪುಕ್ಕಟೆ ಹಂಚಿದ್ದರು.

ಡಾಕ್ಟರಿಗೆ ಉದ್ದನೆಯ ಹಸಿರು ಎಚ್ಚರಿಕೆ. ವಾಸುದೇವಯ್ಯನವರಿಗೆ ಅದು ವರ.

ಹದಿನೈದು ದಿನದ ಹಿಂದೆ ಆಸ್ಪತ್ರೆಯಿಂದ ಕರೆ ಬಂದು ಕುಮುದ ಹೋಗಿದ್ದಳು. ಸ್ಕ್ಯಾನ್ ಮಾಡಿದರು, ರಕ್ತ ತೆಗೆದರು. ನಳಿನಾಕ್ಷಿ ಪರದೆಯನ್ನು ಅವಳ ಕಡೆ ತಿರುಗಿಸಿದರು. ಅಂಡಾಶಯದ ಅಂಚಿನುದ್ದಕ್ಕೂ ಕಪ್ಪು ಚುಕ್ಕೆಗಳು.

"ಗುಳ್ಳೆಗಳಾ?"

"ಹೆಸರಿಗೆ ಗುಳ್ಳೆ. ಬಲಿಯದೆ ನಿಂತುಬಿಟ್ಟ ಅಂಡದ ಚೀಲಗಳು ಅವು. ಗಲ್ಲದ ಮೇಲೆ ಕೂದಲು ಬರುತ್ತಲ್ಲ, ಅದೂ ಇದರದ್ದೇ. ತೂಕ ಏರೋದೂ ಇದರದ್ದೇ. ಸಕ್ಕರೆ ಕಾಯಿಲೆಯ ಅಂಚಿಗೆ ಬಂದಿದೀಯ."

ಹೈಸ್ಕೂಲಿನಲ್ಲಿ ಅವಳನ್ನು ಮೀಸೆ ಕುಮುದ ಎನ್ನುತ್ತಿದ್ದರು. ಮೀಸೆಗೂ ಮುಟ್ಟಿಗೂ ಒಂದೇ ಬೇರು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ದಿನಾ ಬಿರುಸಾಗಿ ನಡೀಬೇಕು. ಸಿಹಿ ಬಿಡಬೇಕು. ಅಡಿಗೆ ಮಾಡ್ತಾ ರುಚಿ ನೋಡೋದೂ ಲೆಕ್ಕಕ್ಕೆ ಬರುತ್ತೆ."

"ನಾವು ರುಚಿ ನೋಡೋ ಹಂಗಿಲ್ಲ ಡಾಕ್ಟ್ರೇ. ನೈವೇದ್ಯಕ್ಕೆ ಮುಂಚೆ ನಾಲಗೆಗೆ ತಗುಲಿಸಿದ್ರೆ ಎಂಜಲು."

"ಒಳ್ಳೇದಾಯ್ತು. ನೈವೇದ್ಯ ಆದಮೇಲೂ ನೋಡಬೇಡ." ನಳಿನಾಕ್ಷಿ ಮಾತ್ರೆಯ ಡಬ್ಬಿ ಮುಂದಿಟ್ಟರು. "ಇದು ಹತ್ತು ದಿನ ನುಂಗು. ನಿಲ್ಲಿಸಿದ ಮೇಲೆ ಮುಟ್ಟಾಗುತ್ತೆ. ಮೂರು ತಿಂಗಳಿಗೊಮ್ಮೆಯಾದರೂ ಆಗಲೇಬೇಕು."

ಕುಮುದ ಡಬ್ಬಿಯನ್ನು ಹಿಂದಕ್ಕೆ ತಳ್ಳಿದಳು. "ನಡೀತೀನಿ. ಸಿಹಿ ಬಿಡ್ತೀನಿ. ಇದು ಬೇಡ."

"ಯಾಕೆ?"

"ಒಂದ್ಸಲ ಕೆಂಪಾದ್ರೆ ವಾಸಣ್ಣ ನನ್ನನ್ನ ಹೊರಚಾವಡಿಗೆ ಹಾಕ್ತಾರೆ, ತರಕಾರಿ ಹೆಚ್ಚಕ್ಕೆ. ಒಳಮನೇಲಿ ಇರೋರೆಲ್ಲ ಒಂದೋ ನನ್ನ ಥರದೋರು, ಇಲ್ಲ ಸಾವಿತ್ರಮ್ಮನ ಥರ ಮುಟ್ಟು ನಿಂತುಹೋದೋರು. ಹೊಸಬರನ್ನ ಸೇರಿಸ್ಕೊಳ್ಳೋವಾಗ ಅವರು ಕೈರುಚಿ ಕೇಳಲ್ಲ. ಎಷ್ಟು ತಿಂಗಳಿಂದ ಹಸಿರು ಅಂತ ಕೇಳ್ತಾರೆ."

ಎಷ್ಟೋ ಹೆಂಗಸರು ಮಾತ್ರೆ ವಾಪಸು ಕೊಡುತ್ತಿದ್ದುದೇಕೆಂದು ನಳಿನಾಕ್ಷಿಗೆ ಆಗ ಗೊತ್ತಾಯಿತು.

"ಕೇಳು. ಗರ್ಭಕೋಶದ ಒಳಗೆ ಒಂದು ಪದರ ಬೆಳೆಯುತ್ತೆ. ಮುಟ್ಟಾದಾಗ ಅದು ಉದುರುತ್ತೆ. ನಿನಗೆ ಬೆಳೀತಾನೇ ಇದೆ, ಉದುರ್ತಾ ಇಲ್ಲ. ಹೀಗೇ ವರ್ಷಗಟ್ಟಲೆ ಬಿಟ್ಟರೆ ಕ್ಯಾನ್ಸರಿಗೆ ದಾರಿ. ಅದಕ್ಕೂ ಮುಂಚೆ ಯಾವತ್ತೋ ಒಂದಿನ ಹೇಳದೆ ಕೇಳದೆ ಕಳಚಿಕೊಂಡರೆ ರಕ್ತ ನಿಲ್ಲೋದಿಲ್ಲ."

"ಪಟ್ಟಿ ಮುಂಚೆ ಹೇಳುತ್ತಲ್ಲ."

"ಹೇಳಲ್ಲ. ಅದು ನೋಡೋದು ಇಳಿತ. ಏರದೇ ಇರೋದು ಇಳಿಯೋದೆಲ್ಲಿಂದ?"

"ಅಂದ್ರೆ ನಮ್ಮ ವಿಷಯಕ್ಕೆ ನಿಮ್ಮ ಪಟ್ಟಿ ಕುರುಡು."

"ನಿನ್ನ ಕಾಯಿಲೆ ಕಂಡುಹಿಡಿದದ್ದು ಅದೇ ಪಟ್ಟಿ."

ಕುಮುದ ಎದ್ದು ನಿಂತಳು. ಹೊರಚಾವಡಿಯಲ್ಲಿ ಅವಳು ನಾಲ್ಕು ವರ್ಷ ಕುಂಬಳಕಾಯಿ ಹೆಚ್ಚಿದ್ದಳು. ಈಗ ಹಯಗ್ರೀವದ ಕೊಪ್ಪರಿಗೆ ಅವಳದು. ಅವಳ ಕೈಯ ಹಯಗ್ರೀವ ಬೇಕೆಂದು ಹೆಸರು ಹಿಡಿದು ಕೇಳುವವರಿದ್ದರು. ಡಬ್ಬಿ ಮೇಜಿನ ಮೇಲೇ ಉಳಿಯಿತು.

ಮದುವೆಯ ದಿನ ಕಡಲೆಬೇಳೆ ಬೆಂದು, ಬೆಲ್ಲ ಕರಗಿ, ತುಪ್ಪ ಬಿಡತೊಡಗಿದ ಹೊತ್ತಿಗೆ ಅವಳ ಸೊಂಟದಲ್ಲಿ ನೋವು ಎದ್ದಿತು. ನಿಂತು ನಿಂತು ಬಂದ ನೋವು ಎಂದುಕೊಂಡು ಸಟ್ಟುಗ ತಿರುವಿದಳು. ಆಮೇಲೆ ತೊಡೆಯ ಒಳಗಡೆ ಬಿಸಿಯಾಗಿ ಇಳಿಯಿತು. ಅವಳು ತೋಳು ನೋಡಿಕೊಂಡಳು. ಹಸಿರು.

ಹೇಳಿದರೆ ಈ ಅಡಿಗೆಯೆಲ್ಲ ಮೈಲಿಗೆಯೆಂದು ಗುಂಡಿಗೆ ಹೋಗುತ್ತದೆ. ಒಳಗಿರುವ ಎಲ್ಲರ ಕೂಲಿ ಹೋಯಿತು, ಅವಳ ಕೊಪ್ಪರಿಗೆಯೂ ಹೋಯಿತು. ನೈವೇದ್ಯಕ್ಕೆ ಇನ್ನೊಂದು ಗಂಟೆ. ತಡೆಯಬಹುದು ಎಂದು ಅವಳು ಲೆಕ್ಕ ಹಾಕಿದಳು. ಸೆರಗನ್ನು ಸೊಂಟಕ್ಕೆ ಬಿಗಿದು, ಸೀರೆಯ ಒಳಮಡಿಕೆಯನ್ನು ಕಾಲ ನಡುವೆ ಸಿಕ್ಕಿಸಿಕೊಂಡು ತಿರುವುತ್ತಲೇ ಇದ್ದಳು. ಗಸಗಸೆ ಹಾಕಿದಳು. ಕೊಬ್ಬರಿ ಹಾಕಿದಳು. ಕೊಪ್ಪರಿಗೆಯನ್ನು ಒಲೆಯಿಂದ ಇಳಿಸಿದ್ದು ಅವಳಿಗೆ ನೆನಪಿದೆ. ನೆಲದ ಕಲ್ಲು ಕೆನ್ನೆಗೆ ತಣ್ಣಗೆ ತಗುಲಿದ್ದೂ ನೆನಪಿದೆ.

ಕಣ್ಣು ಬಿಟ್ಟಾಗ ಸಾವಿತ್ರಮ್ಮ ಅವಳ ಸೀರೆ ಎತ್ತಿ ನೋಡಿ ಮತ್ತೆ ಇಳಿಸಿದರು. ಸುತ್ತ ನಿಂತವರೆಲ್ಲ ತಮ್ಮ ತಮ್ಮ ತೋಳು ನೋಡಿಕೊಳ್ಳುತ್ತಿದ್ದರು.

ಸಾವಿತ್ರಮ್ಮ ಬಡಿಸುವ ಕಿಂಡಿಯ ಹಲಗೆ ಬಡಿದರು. ಹೊರಗಿನಿಂದ ವಾಸುದೇವಯ್ಯನವರ ಮುಖ ಕಂಡಿತು.

"ವಾಸಣ್ಣ, ಬಾಗಿಲು ತೆಗಿ. ಕುಮುದ ಬಿದ್ದಿದಾಳೆ. ಆಸ್ಪತ್ರೆಗೆ ಹೋಗಬೇಕು."

"ಏನಾಯ್ತು?"

ಸಾವಿತ್ರಮ್ಮ ಅವರ ಮುಖ ನೋಡಿದರು. "ಏನಾಗಿದೆ ಅಂತ ನಿನಗೆ ಗೊತ್ತಾಗಲ್ವೇನಯ್ಯ?"

"ದೀಪ ಏನಿದೆ?"

"ಹಸಿರು."

"ಹಸಿರಿದ್ದಮೇಲೆ ಅದಾಗಿಲ್ಲ. ಪಿತ್ತ ಇರಬೇಕು, ಮಜ್ಜಿಗೆ ಕುಡಿಸಿ. ನೈವೇದ್ಯ ಆಗಲಿ, ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ."

"ಅಷ್ಟು ಹೊತ್ತು ಅವಳು ಇರಲ್ಲ ಕಣಯ್ಯ."

"ನಾನು ಕೈಯಾರೆ ಬೀಗ ತೆಗೆದ್ರೆ ಮಡಿಯ ಮುದ್ರೆ ಹೋಗುತ್ತೆ ಸಾವಿತ್ರಮ್ಮ. ಇಷ್ಟು ಅಡಿಗೆ ಎಲ್ಲಿ ಸುರೀಲಿ? ಆಮೇಲೆ ನೀವೂ ಮನೇಲಿ, ನಾನೂ ಮನೇಲಿ." ಹಲಗೆ ಮುಚ್ಚಿತು.

ಫೋನುಗಳು ಹೊರಗಿದ್ದವು. ಪಟ್ಟಿಯ ಅಂಚಿನಲ್ಲಿ ಆಸ್ಪತ್ರೆಗೆ ಮಾತಾಡುವ ಗುಂಡಿಯೊಂದಿತ್ತು; ಯಾರೂ ಒತ್ತಿದವರಲ್ಲ. ಸಾವಿತ್ರಮ್ಮ ಒತ್ತಿದರು. ಸ್ವಲ್ಪ ಹೊತ್ತಿನ ಮೇಲೆ ನಳಿನಾಕ್ಷಿಯವರ ಧ್ವನಿ ಕೇಳಿಸಿತು. ಸಾವಿತ್ರಮ್ಮ ಎರಡೇ ಮಾತಿನಲ್ಲಿ ಹೇಳಿದರು.

"ಆಂಬುಲೆನ್ಸ್ ಕಳಿಸ್ತೀನಿ. ಬಾಗಿಲು?"

"ಕೆಂಪಾದ್ರೆ ತಾನೇ ತೆರ್ಕೊಳ್ಳುತ್ತೆ."

"ದೀಪ ಸರಿಯಿದೆಯಾ ಅಂತ ಪರೀಕ್ಷೆ ಮಾಡೋಕೆ ನಾನು ಇಲ್ಲಿಂದ ಕೆಂಪು ಹತ್ತಿಸಬಹುದು. ಕುಮುದಳದ್ದು ಹತ್ತಿಸ್ತೀನಿ."

"ಬೇಡ" ಎಂದಳು ನೆಲದ ಮೇಲಿದ್ದ ಕುಮುದ. ಅವಳ ತುಟಿ ಬಿಳಿಚಿತ್ತು. "ನನ್ನದು ಬೇಡ."

"ಸುಮ್ನಿರು" ಎಂದರು ಸಾವಿತ್ರಮ್ಮ. ಮತ್ತೆ ಪಟ್ಟಿಗೆ ಬಾಯಿಟ್ಟು, "ಡಾಕ್ಟ್ರೇ, ನನ್ನದು ಹತ್ತಿಸಿ" ಎಂದರು.

"ನಿಮಗೆ ವಯಸ್ಸೆಷ್ಟು?"

"ಅರವತ್ತೊಂದು. ಯಂತ್ರ ಕೆಟ್ಟಿದೆ ಅಂದ್ಕೋತಾರೆ. ಕೆಟ್ಟ ಯಂತ್ರಕ್ಕೆ ಮೈಲಿಗೆ ಇಲ್ಲ. ಇವಳದ್ದು ಹತ್ತಿಸಿದ್ರೆ ಇವಳ ಅನ್ನ ಹೋಗುತ್ತೆ, ಇವರೆಲ್ಲರದ್ದೂ ಹೋಗುತ್ತೆ."

ಯಂತ್ರ ಕೆಟ್ಟಿದೆ ಅಂದುಕೊಂಡರೆ ತಮ್ಮ ಪಟ್ಟಿಯನ್ನು ಇನ್ನು ಯಾರೂ ನಂಬುವುದಿಲ್ಲ ಎಂದು ನಳಿನಾಕ್ಷಿಗೆ ಗೊತ್ತಿತ್ತು. ಕುಮುದಳಿಗೂ ಅರೆಬರೆ ಅರ್ಥವಾಯಿತು.

"ಸರಿ" ಎಂದಿತು ಧ್ವನಿ.

ಆರತಿಗೆಂದು ಅರಿಸಿನ ಸುಣ್ಣ ಕದಡಿಟ್ಟ ಓಕುಳಿ ನೀರು ಮೂಲೆಯಲ್ಲಿತ್ತು. ಸಾವಿತ್ರಮ್ಮ ಆ ಪಾತ್ರೆಯನ್ನೆತ್ತಿ ಕುಮುದಳ ಸೀರೆಯ ಮೇಲೂ ನೆಲದ ಮೇಲೂ ಸುರಿದರು. ಯಾವುದು ರಕ್ತ, ಯಾವುದು ಓಕುಳಿ ಎಂದು ತಿಳಿಯದಂತಾಯಿತು. ಆಗ ಅವರ ತೋಳಿನ ದೀಪ ಕೆಂಪಾಯಿತು. ಗಂಟೆ ಹೊಡೆದು ಬಾಗಿಲು ಸರಿಯಿತು.

ಗಂಡಿನ ಕಡೆಯವರು ಓಡಿಬಂದು ನೋಡಿದರೆ, ಬೆಳ್ಳಗೆ ನರೆತ ಹೆಂಗಸೊಬ್ಬರು ಕೆಂಪು ದೀಪದ ತೋಳಿನಲ್ಲಿ, ಓಕುಳಿಯಲ್ಲಿ ನೆನೆದ ಹುಡುಗಿಯನ್ನು ಆನಿಸಿಕೊಂಡು ನಿಂತಿದ್ದರು.

"ಜಾರಿ ಬಿದ್ದಳು, ತಲೆಗೆ ಪೆಟ್ಟು. ದಾರಿ ಬಿಡಿ" ಎಂದರು ಸಾವಿತ್ರಮ್ಮ.

"ಕೆಂಪಾಗಿರೋದು ಯಾರಿಗೆ? ಈ ಅಜ್ಜಿಗಾ?"

ಯಾರೋ ಕಿಸಕ್ಕೆಂದರು. ಆಮೇಲೆ ಚಪ್ಪರವೆಲ್ಲ ನಕ್ಕಿತು. ಪುರೋಹಿತರು ಯಂತ್ರಕ್ಕೆ ಅರಳುಮರಳಾಗಿದೆ, ಅಡಿಗೆಗೆ ದೋಷವಿಲ್ಲ ಎಂದು ಅಪ್ಪಣೆ ಕೊಟ್ಟರು. ವಾಸುದೇವಯ್ಯನವರೊಬ್ಬರೇ ನಗಲಿಲ್ಲ. ಅವರು ನೆಲದ ಓಕುಳಿಯನ್ನು ನೋಡಿದರು, ಸಾವಿತ್ರಮ್ಮನನ್ನು ನೋಡಿದರು, ತಿರುಗಿ ಹೋಗಿ ನೈವೇದ್ಯಕ್ಕೆ ಎಲೆ ಹಾಕಿಸಿದರು. ಆ ದಿನ ಹಯಗ್ರೀವ ಒಂದು ಸೌಟೂ ಮಿಗಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು, ಪದರ ತೆಗೆದರು. ಮೂರನೆಯ ದಿನ ಕುಮುದ ಎದ್ದು ಕೂತಾಗ ನಳಿನಾಕ್ಷಿ ಮಂಚದ ಪಕ್ಕದಲ್ಲಿದ್ದರು. ಅಜ್ಜಿಗೆ ಮುಟ್ಟು ತೋರಿಸಿದ ಪಟ್ಟಿಯ ಸುದ್ದಿ ಆಗಲೇ ಊರೂರು ಸುತ್ತಿತ್ತು. ಬೀದಿಯಲ್ಲಿ ಪಟ್ಟಿ ಕಟ್ಟಿದವರನ್ನು ಹುಡುಗರು, "ಅಜ್ಜೀ, ಯಾವಾಗ?" ಎಂದು ಕೇಳುತ್ತಿದ್ದರು.

"ನಿಜ ಹೇಳಿಬಿಡಿ ಡಾಕ್ಟ್ರೇ" ಎಂದಳು ಕುಮುದ. "ಪಟ್ಟಿ ಕೆಟ್ಟಿರಲಿಲ್ಲ ಅಂತ."

"ಕೆಟ್ಟಿರಲಿಲ್ಲ ಅಂದರೆ ನಾನೇ ಹತ್ತಿಸಿದೆ ಅನ್ನಬೇಕು. ಯಾಕೆ ಅಂತ ಕೇಳ್ತಾರೆ. ಅಷ್ಟು ಜನ ಉಂಡದ್ದು ಎಂಥಾ ಅಡಿಗೆ ಅಂತ ಹೇಳಬೇಕಾಗುತ್ತೆ. ನಿನ್ನನ್ನೂ ಸಾವಿತ್ರಮ್ಮನನ್ನೂ ಸುಮ್ಮನೆ ಬಿಡ್ತಾರಾ?"

ಕುಮುದ ಕೈಚಾಚಿ, "ಆ ಡಬ್ಬಿ ಕೊಡಿ" ಎಂದಳು.

ಎರಡು ತಿಂಗಳಲ್ಲಿ ಒಳಮನೆಯ ಬಾಗಿಲುಗಳನ್ನು ಕಿತ್ತರು. ಮುಟ್ಟಾಗುತ್ತದೆಯೇ ಎಂದು ಕಂಟ್ರಾಕ್ಟರುಗಳು ಹಿಂದಿನಂತೆ ಬಾಯಿಮಾತಿನಲ್ಲೇ ಕೇಳತೊಡಗಿದರು. ಕೇಳಿದಾಗ ಕುಮುದ ಮಾತ್ರೆಯ ವಿಷಯ ಮುಚ್ಚಿಡದೆ ಮತ್ತೆ ಹೊರಚಾವಡಿಯ ಕುಂಬಳಕಾಯಿಗೆ ಹೋದಳು. ಹೆಂಗಸರು ಪಟ್ಟಿಗಳನ್ನು ಬಿಚ್ಚಿ, ನಗುತ್ತಾ ಆಸ್ಪತ್ರೆಯ ಬಾಗಿಲಲ್ಲಿಟ್ಟ ಬುಟ್ಟಿಗೆ ಹಾಕಿ ಹೋದರು. ಪಟ್ಟಿಯ ಯೋಜನೆಯನ್ನು ಮುಚ್ಚುವ ಮೊದಲು ನಳಿನಾಕ್ಷಿ ಒಂದೊಂದರ ದಾಖಲೆಯನ್ನೂ ತೆರೆದು ನೋಡಿದರು.

ಕುಮುದ ಕಳೆದುಕೊಂಡದ್ದು ನಾಲ್ಕು ಬಾಟಲಿ ರಕ್ತ, ಒಂದು ಕೊಪ್ಪರಿಗೆ. ಸಾವಿತ್ರಮ್ಮ ಕಳೆದುಕೊಂಡದ್ದು ಕೆಲಸ; ವಾಸುದೇವಯ್ಯನವರು ಅವರನ್ನು ಮತ್ತೆ ಕರೆಯಲಿಲ್ಲ. ನಳಿನಾಕ್ಷಿ, ಹನ್ನೆರಡು ವರ್ಷದ ದುಡಿಮೆ. ಬುಟ್ಟಿಗೆ ಬಿದ್ದ ಪಟ್ಟಿಗಳು ಆರು ಸಾವಿರದ ನಾನೂರು. ಅವುಗಳಲ್ಲಿ ತಿಂಗಳುಗಟ್ಟಲೆ ಹಸಿರಾಗಿದ್ದವು ಒಂಬೈನೂರ ಹನ್ನೆರಡು.